ಗುಡಿಸಿಟ್ಟ ಬುಡ

ತೋಮ್ಕೆ ಶಿಶುವಿಹಾರದ ಗೇಟು ತೆರೆದು ಒಳಬಂದಾಗ ಗೆರ್ಡೆಸ್ ಕೈಗಾಡಿಗೆ ಅಡ್ಡ ನಿಂತುಕೊಳ್ಳಲು ನೋಡಿದ. ಅವನ ಸಣಕಲು ಮೈಗೆ ಮರೆಯಾಗುವಷ್ಟು ಚಿಕ್ಕದಾಗಿರಲಿಲ್ಲ ಅದು. ಗಾಡಿಯ ತುಂಬ ಕಂದು ಅಣಬೆ. ಬೀಸಣಿಗೆಯಂಥ ಹಾಳೆಗಳು ಒಂದರ ಮೇಲೊಂದು, ಆಗತಾನೇ ಸಲಿಕೆಯಲ್ಲಿ ಎಬ್ಬಿಸಿದ್ದು.

"ಇದು ಎಲ್ಲಿತ್ತು?"

"ಇಲ್ಲೇ, ಹುಲ್ಲಲ್ಲಿ. ನೀವು ನಾಳೆ ತಾನೇ ಬರ್ಬೇಕಿದ್ದಿದ್ದು?"

ಇನ್ನೊಂದು ಬೀದಿಯ ಕೆಲಸ ರದ್ದಾಗಿ ತೋಮ್ಕೆ ಒಂದು ದಿನ ಮೊದಲೇ ಬಂದಿದ್ದಳು. ನಗರಸಭೆಯ ಮರಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಈ ಶಿಶುವಿಹಾರದ ಅಂಗಳದ ಬೀಚ್ ಎಂಬ ಜಾತಿಯ ಮರಕ್ಕೆ ಮೂರು ವರ್ಷದಿಂದ ಅವಳೇ ಬರುತ್ತಿದ್ದಳು, ಅಣಬೆ ಏಳುವ ಕಾಲ ಹಿಡಿದು, ಸೆಪ್ಟೆಂಬರಿನಲ್ಲಿ. ಬುಡ ಸುತ್ತುವುದು, ಸುತ್ತಿಗೆಯಿಂದ ಕಾಂಡ ಬಡಿಯುವುದು, ಗಟ್ಟಿ ಸದ್ದು ಕೇಳಿ 'ಸುರಕ್ಷಿತ' ಎಂದು ಬರೆದು ಸಹಿ ಹಾಕುವುದು. ಮರದ ಕೆಳಗೇ ಮರಳಿನ ಗುಂಡಿ. ಈಗ ಅದರಲ್ಲಿ ಹನ್ನೆರಡು ಮಕ್ಕಳಿದ್ದರು.

"ಹೋದ ವರ್ಷ ಎದ್ದಿತ್ತಾ?"

"ವರ್ಷಾ ವರ್ಷಾ ಏಳತ್ತೆ. ನೀವು ಬರೋ ದಿನ ಬರ್ದು ಕಾಗದ ಕಳಿಸ್ತೀರಲ್ಲ, ಅದು ಕೈಗೆ ಬಂದ್ಮೇಲೆ ಕಿತ್ತು ಗುಡಿಸ್ಬಿಡ್ತೀನಿ. ನಗರಸಭೆಯೋರ ಕಣ್ಣಿಗೆ ಅಂಗಳ ಗಲೀಜು ಕಾಣ್ಬಾರ್ದಲ್ವಾ." ಗೆರ್ಡೆಸ್ ಇಪ್ಪತ್ತು ವರ್ಷದಿಂದ ಅಲ್ಲಿನ ಮೇಲ್ವಿಚಾರಕ. ಮಾತಿನಲ್ಲಿ ಹೆಮ್ಮೆ ಇತ್ತು. "ನೀವೇ ಹೇಳಿದ್ರಿ ಹೋದ್ಸಲ, ಎಷ್ಟು ಚೊಕ್ಕವಾಗಿದೆ ಅಂತ."

ಹೇಳಿದ್ದಳು.

ಅವಳು ಅಣಬೆ ಎದ್ದ ಜಾಗ ತೋರಿಸಲು ಹೇಳಿದಳು. ಬೀಚ್ ಮರದ ಕಾಂಡದಿಂದ ನಾಲ್ಕು ಹೆಜ್ಜೆ ಆಚೆ. ಅಲ್ಲಿಂದ ಇನ್ನು ನಾಲ್ಕು ಹೆಜ್ಜೆಗೆ, ಎಂದೋ ಕಡಿದ ಓಕ್ ಮರದ ಬೊಡ್ಡೆ. ತೋಮ್ಕೆಗೆ ಉಸಿರಾಡಲು ಅಷ್ಟು ಜಾಗ ಸಿಕ್ಕಿತು. ಸತ್ತ ಓಕ್‌ನ ಬೇರಿನಿಂದಲೂ ಇಂಥದ್ದೇ ಒಂದು ಅಣಬೆ ಏಳುತ್ತದೆ. ಜನ ಕೊಯ್ದು ಹುರಿದು ತಿನ್ನುತ್ತಾರೆ. ಅದಾಗಿದ್ದರೆ ಬೀಚ್ ಮರಕ್ಕೆ ಏನೂ ಆಗಿಲ್ಲ. ಇನ್ನೊಂದಾಗಿದ್ದರೆ ಅದು ಬೀಚ್‌ನ ಬೇರುಗಳನ್ನು ಅಡಿಯಿಂದ ತಿನ್ನುತ್ತಿದೆ. ಮೇಲೆ ಎಲೆ ಹಸಿರಾಗೇ ಇರುತ್ತದೆ, ಕಾಂಡ ಗಟ್ಟಿಯಾಗೇ ಸದ್ದು ಕೊಡುತ್ತದೆ, ಒಂದು ದಿನ ಮರ ಬೇರುಸಮೇತ ಮಗುಚುತ್ತದೆ.

ಒಂದು ಹಾಳೆಯನ್ನು ಎತ್ತಿ, ಅದರ ಬಿಳಿಯ ಅಡಿಭಾಗವನ್ನು ಹೆಬ್ಬೆರಳಿನಿಂದ ಒತ್ತಿ ಉಜ್ಜಿದಳು. ಓಕ್‌ನದಾದರೆ ಬಣ್ಣ ಹಾಗೇ ಉಳಿಯಬೇಕು. ಬೀಚ್‌ನದಾದರೆ ಹತ್ತು ನಿಮಿಷದಲ್ಲಿ ಕಪ್ಪಾಗುತ್ತದೆ.

ಹಾಳೆಯನ್ನು ಬೆಂಚಿನ ಮೇಲಿಟ್ಟು ಮೇಲಧಿಕಾರಿ ರೆಂಕೆನ್‌ಗೆ ಫೋನು ಮಾಡಿದಳು. ಮರಕ್ಕೆ ಹಗ್ಗ ಕಟ್ಟಿ ಎಳೆದು ಬೇರಿನ ಬಿಗಿ ನೋಡುವ ತಂಡ ಗುರುವಾರ ಬರುತ್ತದೆ, ಅಲ್ಲಿಯವರೆಗೆ ಸುಮ್ಮನಿರು ಎಂದ. ಪರೀಕ್ಷೆಯಿಲ್ಲದೆ ಅಂಗಳ ಮುಚ್ಚಿಸಿದರೆ ತಂದೆತಾಯಂದಿರು ಕೇಳುತ್ತಾರೆ, ಪತ್ರಿಕೆಯವರು ಬರುತ್ತಾರೆ. ಆಮೇಲೆ ದನಿ ಇಳಿಸಿದ.

"ಮೂರು ವರ್ಷದ್ದೂ ನಿನ್ನ ಸಹಿ ಕಣೆ. ಗೊತ್ತಿದೆ ತಾನೇ?"

"ಗೊತ್ತಿದೆ."

ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು, ಅಂಥ ಜೋರೇನಲ್ಲ. ಮೇಲೆ ಎಲೆಗಳು ಒಂದೇ ಸಮನೆ ಸದ್ದು ಮಾಡಿದವು. ಗುಂಡಿಯಲ್ಲಿ ಒಬ್ಬಳು ಹುಡುಗಿ ಬಕೆಟ್ಟು ಬೋರಲು ಹಾಕಿ ತಳ ಬಡಿಯುತ್ತಿದ್ದಳು. ತೋಮ್ಕೆ ಆ ಕಡೆ ನೋಡಬಾರದೆಂದುಕೊಂಡು ಹಾಳೆಯ ಮೇಲಿನ ಬೆರಳಿನ ಗುರುತನ್ನೇ ನೋಡಿದಳು. ಬಿಳಿ. ಮೋಡದ ನೆರಳಿರಬೇಕು, ಸ್ವಲ್ಪ ಬೂದುಬಣ್ಣವಾಯಿತು. ಮೋಡ ಸರಿದರೂ ಬೂದುಬಣ್ಣ ಹೋಗಲಿಲ್ಲ. ನಾಲ್ಕನೇ ನಿಮಿಷಕ್ಕೆ ಹೆಬ್ಬೆರಳಿನ ಗುರುತಿನ ಅಂಚು ಮಸಿ ತಾಗಿದಂತೆ ಕಪ್ಪಾಗಿ ಮೂಡಿತು. ಅವಳು ಹತ್ತು ನಿಮಿಷದವರೆಗೆ ಕಾಯಲಿಲ್ಲ.

ಶಿಶುವಿಹಾರದ ಮುಖ್ಯಸ್ಥೆ ವ್ಯೂಬೆನಾ ಬಾಗಿಲಲ್ಲೇ ನಿಂತಿದ್ದಳು. ಮಕ್ಕಳನ್ನು ಈಗಲೇ ಒಳಗೆ ಕರೆಯಿರಿ, ಮರದ ಕೆಳಗೆ ಹಾಯದೆ ಹಿಂದಿನ ಬಾಗಿಲಿಂದ, ಎಂದಳು ತೋಮ್ಕೆ. ಹಾಗಾದರೆ ಇಷ್ಟು ದಿನ ಹೇಗೆ ಸುರಕ್ಷಿತವಾಗಿತ್ತು ಎಂದು ವ್ಯೂಬೆನಾ ಕೇಳಿದಳು.

ತೋಮ್ಕೆ ಗೆರ್ಡೆಸ್ ಕಡೆ ನೋಡಿದಳು. ಅವನು ಸಲಿಕೆಗೆ ಅಂಟಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದ.

"ಇರ್ಲಿಲ್ಲ," ಎಂದಳು. "ನಾನು ಬರೀ ಚೊಕ್ಕ ಅಂಗಳ ನೋಡಿ ಬರ್ದೆ. ತಪ್ಪು ನಂದು."

ಮಕ್ಕಳು ಸಾಲಾಗಿ ಒಳಗೆ ಹೋದರು. ಬಕೆಟ್ಟಿನ ಹುಡುಗಿ ಅಳುತ್ತಿದ್ದಳು. ಗೆರ್ಡೆಸ್ ಯಾರೂ ಹೇಳದೆಯೇ ಎಚ್ಚರಿಕೆಯ ಕೆಂಪು ಪಟ್ಟಿ ತಂದು ಬೇಲಿಗೆ ಕಟ್ಟತೊಡಗಿದ. ಅಷ್ಟರಲ್ಲಿ ಒಳಗಿಂದ ವ್ಯೂಬೆನಾ ಕೂಗಿ ಹೇಳಿದಳು, ಮಕ್ಕಳು ಬರಿಗಾಲಲ್ಲಿದ್ದಾರೆ, ಬೂಟೆಲ್ಲ ಗುಂಡಿಯ ಅಂಚಲ್ಲೇ ಉಳಿದಿವೆ ಎಂದು. ತರಲು ಗೆರ್ಡೆಸ್ ಹೊರಟ. ತೋಮ್ಕೆ ಅವನ ತೋಳು ಹಿಡಿದು ನಿಲ್ಲಿಸಿ, ತಾನೇ ಪಟ್ಟಿಯ ಕೆಳಗೆ ನುಸುಳಿದಳು.

ಮೂವತ್ತು ಮೀಟರು ಎತ್ತರದ ಮರದ ಕೆಳಗೆ ಅವಳು ತುದಿಗಾಲಿನಲ್ಲಿ ನಡೆದಳು. ಪುಟ್ಟ ರಬ್ಬರು ಬೂಟುಗಳನ್ನು ಒಂದೊಂದಾಗಿ, ಸದ್ದಾಗದಂತೆ ಎತ್ತಿ ಎದೆಗವಚಿಕೊಂಡಳು.