ಉರುಳೆಗೆ ಸುತ್ತಿದ ಕಾದಂಬರಿ

ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ಕನ್ನಡ ಆಡದ ಮನೆಯಿಲ್ಲ. ಕನ್ನಡ ಓದಬಲ್ಲವನು ಮಾತ್ರ ನಾನೊಬ್ಬನೇ. ಹುಡುಗನಾಗಿದ್ದಾಗ ಬೆಂಗಳೂರಿನ ಚಿಕ್ಕಪ್ಪನ ಮನೆಯಲ್ಲಿದ್ದು ಅಕ್ಷರ ಕಲಿತು ಬಂದಿದ್ದೆ. ನನ್ನ ಪಾಂಡಿತ್ಯವನ್ನು ಪರೀಕ್ಷಿಸುವವರು ಯಾರೂ ಇಲ್ಲದ್ದರಿಂದ ಅದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಹೋಯಿತು. ಜಗುಲಿಯ ಮೇಲೆ ಪುಸ್ತಕ ಹಿಡಿದು ಕೂತರೆ ಹಿರಿಯರು ಕೂಡ ಬೀಡಿ ಮರೆಮಾಡಿ ಹೋಗುತ್ತಿದ್ದರು. "ಏನ್ ಓದ್ತಿದ್ದೀಯ, ಮುನುಸ್ವಾಮಿ?" ಎಂದರೆ "ವೇದಾಂತ" ಎನ್ನುತ್ತಿದ್ದೆ. ಓದುತ್ತಿದ್ದುದು ಕೊಲೆ. ವಿಷ, ಕಠಾರಿ, ಬಾವಿಯಲ್ಲಿ ಹೆಣ, ಇವಿಲ್ಲದ ಪುಸ್ತಕ ನನಗೆ ಎರಡು ಪುಟಕ್ಕೇ ನಿದ್ದೆ ತರಿಸುತ್ತಿತ್ತು.

ಇಂಥ ಪುಸ್ತಕ ಸೇಲಂನಲ್ಲಿ ಸಿಗುವುದು ಒಂದೇ ಕಡೆ: ಶೆವ್ವಾಪೇಟೆಯಲ್ಲಿ ಮುತ್ತುಸ್ವಾಮಿಯ ಹಳೇ ಕಾಗದದ ಅಂಗಡಿ. ಬೆಂಗಳೂರಿನಿಂದ ಧರ್ಮಪುರಿ ಮೇಲೆ ಬರುವ ಮೂಟೆಗಳಲ್ಲಿ ಅಪರೂಪಕ್ಕೊಂದು ಕನ್ನಡ ಪುಸ್ತಕ ಇರುತ್ತಿತ್ತು. ಧೂಳಿನಲ್ಲಿ ಮೊಣಕಾಲೂರಿ ಮೂಟೆ ಕೆದಕುವಾಗ ನನಗೆ ಆಗುತ್ತಿದ್ದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಎಷ್ಟೋ ಸಲ ಅವಸರದಲ್ಲಿ ತೆಲುಗು ಪುಸ್ತಕ ಎತ್ತಿಕೊಂಡು ಬಂದಿದ್ದೇನೆ. ಒಮ್ಮೆ ಎಮ್ಮೆಗಳ ಕಾಲುಬೇನೆಯ ಮೇಲೊಂದು ಗ್ರಂಥ ತಂದು, ಪತ್ತೇದಾರ ಈಗ ಬಂದಾನು ಆಗ ಬಂದಾನು ಎಂದು ಅರ್ಧದವರೆಗೂ ಕಾದಿದ್ದೇನೆ.

ಮೇಟ್ಟೂರು ಅಣೆಕಟ್ಟು ಮುಗಿದ ಮಾರನೇ ವರ್ಷ ಆ ಅಂಗಡಿಯಲ್ಲಿ ಒಂದು ಕಾದಂಬರಿ ಕಣ್ಣಿಗೆ ಬಿತ್ತು. ಹೊದಿಕೆ ಇಲ್ಲ, ಹೆಸರಿಲ್ಲ. ಮೊದಲ ಹಾಳೆಯಿಂದ ಕಡೆಯ ಹಾಳೆಯವರೆಗೆ ಮಾತ್ರ ಪೂರ್ತಿ ಇತ್ತು. ನಡುವೆ ಎಲ್ಲೋ ತೆರೆದೆ: ಜವಳಿ ಸಾಹುಕಾರನೊಬ್ಬ ತನ್ನ ಅಂಗಡಿಯಲ್ಲೇ ಸತ್ತು ಬಿದ್ದಿದ್ದ. ಪುಸ್ತಕ ಮುಚ್ಚಿ ಬೆಲೆ ಕೇಳಿದೆ.

"ಪಳೇ ಪೇಪರ್ ಕೊಡು, ತೂಕಕ್ಕೆ ತೂಕ. ಎತ್ಕಂಡು ಓಗು" ಎಂದ ಮುತ್ತುಸ್ವಾಮಿ.

ಮನೆಯಲ್ಲಿ ಅಟ್ಟದ ಮೇಲೆ ಹಳೇ ಪತ್ರಿಕೆಗಳ ಕಟ್ಟೊಂದಿತ್ತು. ಸೀರೆಯ ಉದ್ದಕ್ಕೆ ಬರುವ ಹಾಸಿನ ನೂಲನ್ನು ಮಗ್ಗದ ಮರದ ಉರುಳೆಗೆ ಸುತ್ತುವಾಗ ಎಳೆಯೊಳಗೆ ಎಳೆ ಹೂತು ಸಿಕ್ಕಾಗದಿರಲೆಂದು ಪ್ರತಿ ಸುತ್ತಿಗೂ ಕಾಗದ ಹಾಸುವುದು ನಮ್ಮ ರೂಢಿ. ಅದಕ್ಕಾಗಿ ನನ್ನ ಹೆಂಡತಿ ರಾಜಾತಿ ಕೂಡಿಟ್ಟ ಕಟ್ಟು ಅದು. ಅವಳ ತಂಗಿ ಪೂಂಗೊಡಿಯ ಮದುವೆ ಶಂಕಗಿರಿಯಲ್ಲಿ ಗೊತ್ತಾಗಿತ್ತು. ಮುಹೂರ್ತದ ಸೀರೆ ಅಕ್ಕನ ಮನೆಯ ಮಗ್ಗದಿಂದಲೇ ಬರಬೇಕು. ನಾನು ಕಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡಿದೆ. ಒಂದು ಪುಸ್ತಕಕ್ಕಾಗಿ ಅಷ್ಟು ಜೋರಾಗಿ ಓಡುವವನಿಗೆ ಬುದ್ಧಿ ಇರುತ್ತದೆಂದು ಯಾರೂ ಹೇಳಲಾರರು.

ಪುಸ್ತಕವನ್ನು ನೆಮ್ಮದಿಯಾಗಿ ಓದೋಣವೆಂದು ಬಚ್ಚಿಟ್ಟೆ. ಹಾಸು ಸುತ್ತುವ ದಿನ ಬಣ್ಣದ ಅಂಗಡಿಗೆ ಹೋದವನು ಅಲ್ಲೇ ಹರಟುತ್ತ ಕೂತೆ. ಮನೆಗೆ ಬಂದಾಗ ಬೀದಿಯವರು ಸೇರಿ ಹಾಸು ಸುತ್ತಿ ಮುಗಿಸಿದ್ದರು. ಬಚ್ಚಿಟ್ಟ ಜಾಗದಲ್ಲಿ ಪುಸ್ತಕದ ಬೆನ್ನಿನ ದಾರವಷ್ಟೇ ಇತ್ತು.

"ರಾಜಾತಿ! ನನ್ ಪುಸ್ತಕ?"

"ಉರುಳೇಲಿ ಐತೆ. ನನ್ ಪೇಪರ್ ಎಲ್ಲೈತೆ, ಅದ್ನ ಮೊದ್ಲು ಯೋಳಿ" ಎಂದಳು. ನಾನು ಆ ದಾರವನ್ನು ಬೆರಳಿಗೆ ಸುತ್ತತೊಡಗಿದೆ. ಅವಳೇ ಸ್ವಲ್ಪ ತಣ್ಣಗಾಗಿ, "ಒಂದ್ ಆಳೆನೂ ಆಳಾಗಿಲ್ಲ. ನಿಮಗೆ ಓದಕ್ಕೆ ತೊಂದ್ರೆ ಆಗ್ಬಾರ್ದು ಅಂತ ಮೊದಲ್ನೇದ್ರಿಂದ ವರ್ಸೆಯಾಗೇ ಇಟ್ಟಿವ್ನಿ. ನೇಯ್ದಂಗೆ ನೇಯ್ದಂಗೆ ಬತ್ತದೆ, ಓದ್ಕಳಿ" ಎಂದಳು.

ಅವಳಿಗೆ ಅಕ್ಷರ ಬಾರದು. ಆದರೂ ನನ್ನ ಓದಿನ ಬಗ್ಗೆ ಅಷ್ಟು ಕಾಳಜಿ ವಹಿಸಿದ್ದಳಲ್ಲ ಎಂದು ಮನಸ್ಸು ಕರಗಿತು. ನೇಯುವವನು ಕಾಲಿಳಿಸಿ ಕೂರುವ ಮಗ್ಗದ ಗುಂಡಿಗಿಳಿದು ಲಾಳಿ ಎಸೆಯತೊಡಗಿದೆ. ಉರುಳೆ ಒಂದು ಸುತ್ತು ತಿರುಗಿತು, ಹಾಳೆಗಳು ಉದುರಿದವು. ಆಸೆಯಿಂದ ಎತ್ತಿಕೊಂಡು ಓದಿದೆ: "ಹೀಗೆ ಸಾಹುಕಾರರನ್ನು ಕೊಂದ ಅವರ ಭಾವಮೈದುನನು ಗಲ್ಲಿಗೇರಿದನು. ಶುಭಮಸ್ತು."

ಮೊದಲು ಸುತ್ತಿದ್ದು ಉರುಳೆಯ ಒಳಗೆ ಉಳಿಯುತ್ತದೆ, ಕಡೆಗೆ ಸುತ್ತಿದ್ದು ಮೊದಲು ಬಿಚ್ಚಿಕೊಳ್ಳುತ್ತದೆ. ಹುಟ್ಟಿದಾಗಿನಿಂದ ಮಗ್ಗದ ಪಕ್ಕದಲ್ಲೇ ಬೆಳೆದ ನಮ್ಮಿಬ್ಬರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ನಾನು ಮುನಿಸಿಕೊಂಡು ಗುಂಡಿಯಿಂದ ಮೇಲೆ ಬಂದೆ. ಕೊಲೆಗಾರ ಯಾರೆಂದು ತಿಳಿದ ಮೇಲೆ ಯಾರಿಗೆ ಬೇಕು ಆ ಸೀರೆ! ಮಗ್ಗ ಸುಮ್ಮನಾಯಿತು. ರಾಜಾತಿ ಬೈಯುತ್ತಾಳೆಂದು ಕಾದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತುಬಿಟ್ಟಳು.

"ನನ್ ತಂಗಿ ಅಂಗಡಿ ಸೀರೆ ಉಟ್ಕಂಡ್ ಮಣೆ ಮ್ಯಾಗೆ ಕುಂತ್ರೆ ನಾನ್ ಎಂಗ್ ಮಕ ತೋರ್ಸ್ಲಿ? ನೇಕಾರನ್ ಎಂಡ್ತಿ ಅಲ್ವಾ ನಾನು?"

ನನಗೆ ನಾಚಿಕೆಯಾಯಿತು. ಅವಳು ತಂಗಿಯ ಮದುವೆ ಕೆಲಸಕ್ಕೆಂದು ಶಂಕಗಿರಿಯ ರೈಲು ಹತ್ತುವಾಗ, ಪುಸ್ತಕದಲ್ಲಿರುವುದು ಆಪತ್ತಿಗೆ ಸಿಕ್ಕ ಒಬ್ಬ ಸಾಹುಕಾರನ ಕಥೆ ಎಂದಷ್ಟೇ ಹೇಳಿ, ಸೀರೆ ನಾನೇ ತರುತ್ತೇನೆಂದು ಮಾತು ಕೊಟ್ಟೆ. ಮನೆಯಲ್ಲಿ ಒಬ್ಬನೇ ಕೂತು ನೇಯ್ದೆ. ಹಾಳೆಗಳು ಉದುರುತ್ತ ಹೋದವು, ಕಥೆ ಹಿಂದಕ್ಕೆ ಹಿಂದಕ್ಕೆ ನಡೆಯಿತು. ಭಾವಮೈದುನ ಸಿಕ್ಕಿಬಿದ್ದ, ಆಮೇಲೆ ಓಡಿಹೋದ, ಆಮೇಲೆ ಕೊಂದ. ಯಾಕೆ ಕೊಂದ? ಅದು ಇನ್ನೂ ಒಳಗಿತ್ತು. ತಡೆಯಲಾಗದೆ ಒಂದು ಸಲ ಉರುಳೆಯ ಮೇಲೆ ಕೈ ಹೋಯಿತು. ಹಾಸನ್ನು ಸಡಿಲಿಸಿ ಎಳೆದರೆ ಕಾದಂಬರಿಯೆಲ್ಲ ಕ್ಷಣದಲ್ಲಿ ಕೈಗೆ; ಆದರೆ ಎಳೆಗಳು ಸಿಕ್ಕುಬಿದ್ದು ಸೀರೆ ಹಾಳು. ಶಂಕಗಿರಿಯ ಬಾಗಿಲಲ್ಲಿ ನಿಂತು "ಅವ್ರು ತತ್ತಾರೆ, ಬತ್ತಾರೆ" ಎಂದು ಎಲ್ಲರಿಗೂ ಹೇಳುತ್ತಿರುವ ರಾಜಾತಿ ಕಣ್ಣಮುಂದೆ ಬಂದಳು. ಕೈ ಹಿಂದೆ ತೆಗೆದು ಲಾಳಿ ಹಿಡಿದೆ.

ಕೊಂದದ್ದು ಅಂಗಡಿಯ ಆಸೆಗೆಂದು ತಿಳಿಯಿತು. ಆಮೇಲೆ ಕಡೆಯ ಸುತ್ತಿನ ಹಾಳೆ ಬಿತ್ತು. ಅದು ಕಾದಂಬರಿಯ ಮೊದಲ ಪುಟ. ಅಷ್ಟು ದಿನ ನಾನು ಹೆಣವೆಂದೇ ನೆನೆದಿದ್ದ ಸಾಹುಕಾರ ಸಂಜೆ ಮನೆಗೆ ಬರುತ್ತಾನೆ, ಕೈಕಾಲು ತೊಳೆದು ಊಟಕ್ಕೆ ಕೂರುತ್ತಾನೆ, ಸಾರಿಗೆ ಉಪ್ಪಿಲ್ಲವೆಂದು ಹೆಂಡತಿಯ ಮೇಲೆ ರೇಗುತ್ತಾನೆ. ಅವಳು ನಗುತ್ತ ಉಪ್ಪು ಬಡಿಸುತ್ತಾಳೆ. ಇಂಥ ಪುಟಗಳನ್ನು ನಾನು ಯಾವಾಗಲೂ ಹೆಣ ಎಲ್ಲಿ ಎಂದು ಹುಡುಕುತ್ತ ಹಾರಿಸುತ್ತಿದ್ದೆ. ಈಗ ಗುಂಡಿಯಲ್ಲಿ ಕಾಲಿಳಿಬಿಟ್ಟುಕೊಂಡು ಆ ಉಪ್ಪಿನ ಜಗಳವನ್ನು ಓದಿ ಅತ್ತೆ.

ಸೀರೆ ಇನ್ನೂ ಒಂದು ಗೇಣು ಬಾಕಿ ಇತ್ತು, ಓದಲು ಏನೂ ಉಳಿದಿರಲಿಲ್ಲ. ಬಹಳ ವರ್ಷಗಳಲ್ಲಿ ಮೊದಲ ಸಲ, ಪುಸ್ತಕದ ಯೋಚನೆಯಿಲ್ಲದೆ, ಬರೀ ಸೀರೆಗಾಗಿ ನೇಯ್ದೆ.

ಶಂಕಗಿರಿ ತಲುಪಿದಾಗ ಹಸೆಮಣೆ ಹಾಕುತ್ತಿದ್ದರು. ರಾಜಾತಿ ಸೀರೆ ಬಿಡಿಸಿ, ಬೆಳಕಿಗೆ ಹಿಡಿದು ಅಂಚಿನುದ್ದಕ್ಕೂ ನೋಡಿದಳು. ಅದನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ಊಟದ ಪಂಕ್ತಿಯಲ್ಲಿ ತಾನೇ ಅನ್ನ ಬಡಿಸಲು ಬಂದು ಮೆಲ್ಲಗೆ ಕೇಳಿದಳು:

"ಪೂರ್ತಿ ಓದಿದ್ರಾ? ಆ ಸಾವ್ಕಾರ ಏನಾದ ಕಡೀಗೆ?"

"ಕಡೀಗೆ ಮನೆಗ್ ಬಂದ" ಎಂದೆ. "ಕೈಕಾಲ್ ತೊಳ್ಕಂಡು ಎಂಡ್ತಿ ಬಡ್ಸಿದ್ ಉಂಡ."

"ಸದ್ಯ!" ಎಂದು ರಾಜಾತಿ ಉಸಿರುಬಿಟ್ಟು ನನ್ನ ಎಲೆಗೆ ಇನ್ನೊಂದು ಸೌಟು ಅನ್ನ ಹಾಕಿದಳು.