ಓಬಕ್ಕ ಯಾರಿಗೂ ಹೇಳದ ಮನೆ

ಊರಲ್ಲಿ ಒಂದು ಮನೆಯ ಬಾಗಿಲು ಹಗಲಲ್ಲೂ ಮುಚ್ಚಿದ್ದರೆ ಜನ ಸುಮ್ಮನಿರುತ್ತಾರೆಯೇ? ಹಿರಿಯೂರು ತಾಲ್ಲೂಕಿನ ಆದಿವಾಲದಲ್ಲಿ ಓಬಕ್ಕನ ಬಾಗಿಲು ಮುಚ್ಚಿ ಹದಿನೈದು ದಿನವಾಗಿತ್ತು. ಮಹಿಳಾ ಸಂಘದ ಸಭೆಗೂ ಬರಲಿಲ್ಲ. ಇಂಗ್ಲೆಂಡಿನ ಸೊಕ್ಕು ಎಂದರು ಕೆಲವರು. ಸೊಕ್ಕೂ ಇಲ್ಲ, ಮಣ್ಣೂ ಇಲ್ಲ. ಆಕೆಗೆ ಹೆದರಿಕೆಯಾಗಿತ್ತು, ಅಷ್ಟೆ.

ಓಬಕ್ಕ ಕುರಿ ಕಾಯುವವರ ಮನೆಯ ಮಗಳು. ನರ್ಸಿಂಗ್ ಓದಿ, ಇಂಗ್ಲೆಂಡಿನ ಲೆಸ್ಟರ್ ಎಂಬ ಊರಿನ ಆಸ್ಪತ್ರೆಯಲ್ಲಿ ಹದಿನೇಳು ವರ್ಷ ದುಡಿದವಳು. ಗಂಡ ಗೋವರ್ಧನ ಅಲ್ಲೇ ಬಸ್ ಓಡಿಸುತ್ತಿದ್ದ. ಮಕ್ಕಳಿಲ್ಲ. ಇಬ್ಬರೂ ಸೇರಿ ಎರಡು ಕೋಣೆಯ ಪುಟ್ಟ ಮನೆ ಕೊಂಡಿದ್ದರು. ಗೋವರ್ಧನ ತೀರಿಕೊಂಡ ಮೇಲೆ ಆ ಮನೆಯನ್ನು ಬಾಡಿಗೆಗೆ ಕೊಟ್ಟು ಓಬಕ್ಕ ಊರಿಗೆ ಬಂದು ಐದು ವರ್ಷವಾಯಿತು.

ಬಾಡಿಗೆ ಅಲ್ಲಿಯ ಬ್ಯಾಂಕಿಗೇ ಬೀಳುತ್ತಿತ್ತು. ಒಂದು ರೂಪಾಯಿಯನ್ನೂ ಆಕೆ ಇಲ್ಲಿಗೆ ತರಿಸಿಕೊಂಡಿರಲಿಲ್ಲ. ಮನೆಯ ವಿಷಯವನ್ನು ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ. ಹೇಳಿದರೆ ಮೈದುನರು ಮಾರು ಎನ್ನುತ್ತಾರೆ, ಸರ್ಕಾರಕ್ಕೆ ಗೊತ್ತಾದರೆ ಕಿತ್ತುಕೊಳ್ಳುತ್ತದೆ ಎಂಬ ಅಂಜಿಕೆ. ಗಂಡನ ಜೊತೆ ಬಾಳಿದ ಗೋಡೆಗಳು ಅವು. ಅವೂ ಹೋದರೆ ತನಗೆ ಏನು ಉಳಿದೀತು? ಮನೆ ಉಳಿಸಿಕೊಳ್ಳಲು ಮಾತು ಬಿಟ್ಟಳು. ಮಾತು ಬಿಟ್ಟ ಮೇಲೆ ಜನರೂ ದೂರವಾದರು. ಕೆಲವು ದಿನ ಆಕೆ ತನ್ನ ದನಿಯನ್ನೇ ಕೇಳುತ್ತಿರಲಿಲ್ಲ.

ಹೀಗಿರುವಾಗ ಫೋನಿಗೆ ಆದಾಯ ತೆರಿಗೆ ಇಲಾಖೆಯಿಂದ ಒಂದು ಸಂದೇಶ ಬಂತು. ನಿಮಗೆ ಹೊರದೇಶದಲ್ಲಿ ಖಾತೆ ಇರುವ ಮಾಹಿತಿ ಬಂದಿದೆ, ರಿಟರ್ನ್‌ನಲ್ಲಿ ತೋರಿಸಿಲ್ಲ, ಪರಿಶೀಲಿಸಿ ಎಂದಿತ್ತು. ಓಬಕ್ಕ ಫೋನ್ ಆರಿಸಿ ಅಕ್ಕಿ ಡಬ್ಬಿಯಲ್ಲಿಟ್ಟಳು. ಅಗುಳಿ ಹಾಕಿಕೊಂಡಳು.

ಪಕ್ಕದ ಮನೆಯ ಹನುಮಮ್ಮನ ಮಗಳು ಮಾನಸ ಹಿರಿಯೂರಿನಲ್ಲಿ ಆಡಿಟರ್. ಭಾನುವಾರ ತವರಿಗೆ ಬಂದವಳು, ಅವ್ವ ಕೊಟ್ಟ ಹುರುಳಿ ಸಾರು ಹಿಡಿದು ಬಾಗಿಲು ತಟ್ಟಿದಳು. ತೆರೆಯುವವರೆಗೂ ಜಗ್ಗಲಿಲ್ಲ. ಒಳಗೆ ಬಂದು ಕೂತವಳು ಏನನ್ನೂ ಕೇಳಲಿಲ್ಲ. ಅದಕ್ಕೇ ಏನೋ, ಓಬಕ್ಕ ತಾನೇ ಎಲ್ಲವನ್ನೂ ಹೇಳಿಬಿಟ್ಟಳು.

"ಅದ್ಯಾಕೆ ತೋರಿಸ್ಬೇಕು ಕಣಮ್ಮ? ನಮ್ಮಪ್ಪ ಕಾಟಯ್ಯ ಮಾರಿಕಣಿವೆ ಕಡೆಯೋರಿಗೆ, ಸಾಕಿ ಮರಿ ಹಂಚ್ಕಳ್ಳಾಕೆ ಅಂತ, ಪಾಲಿಗೆ ಕುರಿ ಬಿಡ್ತಿದ್ದ. ತಿರುಗಿ ನಮ್ಮ ಕುರಿ ರೊಪ್ಪಕ್ಕೆ ಬರೋಗಂಟ ಅವನ್ನ ಲೆಕ್ಕಕ್ಕೇ ಹಿಡೀತಿರ್ಲಿಲ್ಲ. ಆ ದುಡ್ಡೂ ಹಂಗೇ. ಇಲ್ಲಿಗೆ ಬಂದಿಲ್ಲ, ನಂದಲ್ಲ."

ಮಾನಸ ಕೇಳಿದಳು: "ಆ ಪಾಲಿನ ಕುರಿ ಕಿವಿಗೆ ಯಾರ ಗುರುತು ಕೊಯ್ದಿದ್ರು ಅತ್ತೆ?"

"ನಮ್ದೇ."

"ಮತ್ತೆ? ಕುರಿ ಯಾರ ರೊಪ್ಪದಾಗಿದ್ರೇನು, ನಿಮ್ದೇ ಅಲ್ವಾ?"

ಓಬಕ್ಕನ ನಿಜವಾದ ಭಯ ಆಗ ಹೊರಬಂತು. "ಹೇಳಿದ್ರೆ ಮನೆ ಮಾರಿಸ್ತಾರೇನೆ?"

"ಇಲ್ಲತ್ತೆ. ಮನೆ ನಿಮ್ಮದಾಗೇ ಇರ್ತೈತೆ. ಎಲ್ಲೈತೆ, ಏನು ಬರ್ತೈತೆ ಹೇಳ್ರಿ ಅಂತಾರೆ, ಅಷ್ಟೆ. ಮುಚ್ಚಿಟ್ರೆ ಮಾತ್ರ ಹತ್ತು ಲಕ್ಷದವರೆಗೂ ದಂಡ ಬೀಳಬಹುದು."

ಅಲ್ಲಿ ಆಗಲೇ ತೆರಿಗೆ ಕಟ್ಟಿದ್ದೇನಲ್ಲ ಎಂದು ಓಬಕ್ಕ ವಾದಿಸಿದಳು. ಅಲ್ಲಿ ಕಟ್ಟಿದ್ದನ್ನು ನಿಯಮದ ಪ್ರಕಾರ ಇಲ್ಲಿಯ ತೆರಿಗೆಯಲ್ಲಿ ಕಳೆಯುತ್ತಾರೆ, ಅದಕ್ಕೊಂದು ಬೇರೆ ಫಾರಂ ಇದೆ ಎಂದು ಮಾನಸ ಬಿಡಿಸಿ ಹೇಳಿದಳು. ಊರಿಗೆ ಮರಳಿದ ಮೊದಲ ವರ್ಷಗಳಿಗೆ ನಿಯಮ ಬೇರೆ ಇರಬಹುದೆಂದು ಪಾಸ್‌ಪೋರ್ಟ್ ತರಿಸಿ ಆಕೆ ಈ ದೇಶದಲ್ಲಿದ್ದ ದಿನಗಳನ್ನು ಎಣಿಸಿದಳು. ಮೊದಲ ಮೂರು ವರ್ಷ ತೋರಿಸಬೇಕಿರಲಿಲ್ಲ, ಆದರೆ ಹಿಂದಿನ ಎರಡು ವರ್ಷ ತೋರಿಸದೆ ಬಿಟ್ಟದ್ದು ತಪ್ಪೇ ಆಗಿತ್ತು. ಅದಕ್ಕೆ ಹೆಚ್ಚುವರಿ ತೆರಿಗೆ ಕಟ್ಟಿ ಸರಿಪಡಿಸಬೇಕಾಗುತ್ತದೆ ಎಂದಳು. ಓಬಕ್ಕ ನಿಟ್ಟುಸಿರು ಬಿಟ್ಟು ಹೂಂ ಎಂದಳು.

ಮರುದಿನ ಹಿರಿಯೂರಿನ ಆಫೀಸಿನಲ್ಲಿ ಮಾನಸ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಕೇಳತೊಡಗಿದಳು. ಖಾತೆಯ ನಂಬರ್. ಮನೆಯ ವಿಳಾಸ. ಕೊಂಡ ದಿನಾಂಕ.

ದಿನಾಂಕವನ್ನು ಓಬಕ್ಕ ಕಾಗದ ನೋಡದೆ ಹೇಳಿದಳು. ಹೇಳಿ ಅಲ್ಲಿಗೇ ನಿಲ್ಲಿಸಲಾಗಲಿಲ್ಲ. "ಅವತ್ತು ಒಳಗೆ ಒಂದು ಚಾಪೇನೂ ಇರ್ಲಿಲ್ಲ. ನಿಮ್ಮಾವ ನೆಲದ ಮ್ಯಾಲೆ ಕುಂತು, ಇನ್ಮ್ಯಾಲೆ ಬಾಡಿಗೆ ಕೇಳೋರಿಲ್ಲ ಅಂತ ನಕ್ಕು ಮುದ್ದೆ ಉಂಡ್ರು."

ಮಾನಸ ಕೀಲಿಮಣೆಯಿಂದ ಕೈ ತೆಗೆದಳು. ಆಮೇಲೆ ಏನಾಯಿತು ಅತ್ತೆ ಎಂದು ಕೇಳಿದಳು.

ಓಬಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಐದು ವರ್ಷದಾಗೆ ಆ ಮನೆ ವಿಷ್ಯ ಒಬ್ರೂ ಕೇಳಿರ್ಲಿಲ್ಲ ಕಣೆ. ನಾನೇ ಯಾರಿಗೂ ಕೇಳಾಕೆ ಬಿಟ್ಟಿರ್ಲಿಲ್ಲ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ದುಡಿಯಲು ಹೊರದೇಶಕ್ಕೆ ಹೋಗಿ ಬಂದವರು ನಮ್ಮ ಚಿತ್ರದುರ್ಗ ಸೀಮೆಯಲ್ಲೂ ಇದ್ದಾರೆ. ನಿಮಗೆ ಅಲ್ಲಿ ಖಾತೆಯೋ ಮನೆಯೋ ಬಾಡಿಗೆಯೋ ಇದ್ದರೆ, ದುಡ್ಡು ಇಲ್ಲಿಗೆ ಬರದಿದ್ದರೂ ರಿಟರ್ನ್‌ನಲ್ಲಿ ತೋರಿಸಿ. ಸಂಬಳದವರು ತುಂಬುವ ಸುಲಭದ ಫಾರಂ ಇದಕ್ಕೆ ಸಾಲದು, ತಿಳಿದವರನ್ನು ಕೇಳಿ. ಬಂದ ಸಂದೇಶದ ಲಿಂಕ್ ಒತ್ತಬೇಡಿ, ಒಟಿಪಿ ಯಾರಿಗೂ ಹೇಳಬೇಡಿ, ಇಲಾಖೆಯ ಜಾಲತಾಣಕ್ಕೆ ನೀವೇ ಹೋಗಿ ನೋಡಿ. ತೆರಿಗೆ ಲೆಕ್ಕ ಕೊಡುವ ಗಡುವು ಮೀರುವ ಮುಂಚೆ ತಿಳಿದವರ ಬಳಿ ಹೋಗಿ. ಮುಚ್ಚಿಟ್ಟ ಆಸ್ತಿಯನ್ನು ಕಾಯುತ್ತ ಒಬ್ಬರೇ ಕೂರಬೇಡಿ. ಹೇಳಿಬಿಡಿ.