ಎರಡು ಸೆಕೆಂಡಿನ ತಾಳಿ

ಸಿರಸಂಗಿಯ ಚನ್ನವ್ವನ ಮಗಳ ಮದುವೆಯ ವಿಡಿಯೊ ತೆಗೆದವನು ರಾಮದುರ್ಗದ ನಿಜಾಮಸಾಬ. ತಾಳಿ ಕಟ್ಟುವ ಹೊತ್ತಿಗೆ ಚನ್ನವ್ವ ಎಲ್ಲರಿಗೂ ಅಕ್ಕಿಕಾಳು ಹಂಚುತ್ತ ಬಂದು ಇವನ ಕೈಗೂ ಒಂದು ಹಿಡಿ ಹಾಕಿದಳು. ಕೈಗೆ ಬಂದ ಅಕ್ಕಿಕಾಳು ಹಾಕದೆ ನಿಲ್ಲುವುದುಂಟೆ? ಪುಣ್ಯಾತ್ಮ ಕ್ಯಾಮೆರಾವನ್ನು ಎದೆಗವಚಿಕೊಂಡು, ಎಲ್ಲರ ಜೊತೆ ತಾನೂ ಅಕ್ಕಿ ಹಾಕಿದ.

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ತಾಳಿ ಕಟ್ಟಿದ್ದು ಎರಡೇ ಸೆಕೆಂಡು. ಆಮೇಲೆ ಪರದೆಯ ತುಂಬ ಅವನದೇ ಅಂಗಿಯ ಗುಂಡಿ.

"ನಾಳೆ ಚನ್ನವ್ವಕ್ಕ ಬರ್ತಾಳ. ಹೆಂಗ ಮಾರಿ ತೋರಸ್ಲಿ?" ಎಂದ. "ಇನ್ನ ಕ್ಯಾಮೆರಾ ಮುಟ್ಟಂಗಿಲ್ಲ. ಅಣ್ಣನ ಟೆಂಪೋ ಹೊಡಕೊಂಡ ಇರ್ತೇನಿ."

"ಗುಂಡಿ ಭಾಳ ಚಲೋ ಬಂದೈತಿ ಬಿಡ್ರಿ," ಎಂದಳು ಹೆಂಡತಿ ಕೌಸರ್. "ಏಳ್ರಿ, ನಾ ಕುಂತ ನೋಡತೇನಿ."

೨೦೦೩ರಲ್ಲಿ ಆ ಕಂಪ್ಯೂಟರ್ ಬಂದಾಗಿನಿಂದ ಎಡಿಟಿಂಗ್ ಅವಳದೇ. ಟೆಂಪೋ ಹತ್ತಿದರೂ ಗಂಡ ಬದುಕುತ್ತಾನೆ, ಆದರೆ ಮನೆಗೆ ನಗುತ್ತ ಬರುವುದಿಲ್ಲ ಎಂದು ಅವಳಿಗೆ ಗೊತ್ತು.

ಎರಡು ಸೆಕೆಂಡನ್ನು ನಾಲ್ಕು ಪಟ್ಟು ನಿಧಾನ ಮಾಡಿದಳು. ಮದುಮಗಳು ಬಿಕ್ಕಳಿಕೆ ಹತ್ತಿದವಳಂತೆ ತಡೆತಡೆದು ಅಲುಗಿದಳು. ಕೌಸರ್ ಎದ್ದು ಹೋಗಿ ಹಿಟ್ಟು ನಾದಿದಳು. ನಾದುತ್ತಲೇ ಹೊಳೆಯಿತು. ಕೈ ತೊಳೆದು ಬಂದು, ಒಂದು ಚಿತ್ರ ಕರಗುತ್ತಿರುವಾಗಲೇ ಮುಂದಿನದು ಮೂಡುವಂತೆ ಹೊಂದಿಸಿದಳು. ಮದುಮಗಳು ಕಣ್ಣೆತ್ತುವ ಕೊನೆಯ ಚಿತ್ರವನ್ನು ಐದು ಸೆಕೆಂಡು ನಿಲ್ಲಿಸಿದಳು. ಕಂಪ್ಯೂಟರ್ ಅದನ್ನೆಲ್ಲ ಹೆಣೆದು ಮುಗಿಸುವಷ್ಟರಲ್ಲಿ ಹದಿನಾರು ರೊಟ್ಟಿ ಆದವು.

ಮರುದಿನ ಚನ್ನವ್ವ ನಾದಿನಿ ಸೋಮವ್ವನನ್ನೂ ಕರೆದುಕೊಂಡು ಬಂದಳು. ಪರದೆಯ ಮೇಲೆ ಮದುಮಗನ ಕೈಗಳು ಹುಡುಗಿಯ ಕೊರಳ ಹಿಂದೆ ಸಾವಕಾಶ ಸರಿದವು. ಅಕ್ಕಿಕಾಳು ಬೆಳಕಿನ ಎಳೆ ಎಳೆಯುತ್ತ ಇಳಿದವು. ಹುಡುಗಿ ಕಣ್ಣೆತ್ತಿದಳು. ಅಲ್ಲಿಗೇ ಎಲ್ಲವೂ ನಿಂತಿತು.

ನಿಜಾಮಸಾಬನಿಗೆ ತಡೆಯಲಾಗಲಿಲ್ಲ. "ಅಕ್ಕಾರ, ಖರೇ ಹೇಳತೇನಿ. ಇದ್ದದ್ದು ಎರಡ ಸೆಕೆಂಡ. ಅಕ್ಕಿಕಾಳ ಹಾಕಾಕ ಹೋಗಿ ಕ್ಯಾಮೆರಾ ಇಳಿಸಿಬಿಟ್ಟಿದ್ದೆ. ಇಷ್ಟುದ್ದ ಹಿಗ್ಗಿಸಿದಾಕಿ ಇಕಿ."

"ವಿಡಿಯೊ ಹಿಡಿಯಪಾ ಅಂದ್ರ ಬೀಗರಂಗ ನಿಂತಿದ್ದೇನ?" ಎಂದಳು ಸೋಮವ್ವ.

"ಅವಂದೇನ ತಪ್ಪ, ಕೊಟ್ಟಾಕಿ ನಾನ," ಎಂದು ಚನ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವತ್ತ ಕಣ್ಣಾಗ ನೀರ ತುಂಬಿ ಮಗಳ ಮಾರೀನ ಕಾಣಲಿಲ್ಲ ತಂಗಿ. ಇವತ್ತ ನೋಡಿದ್ನಿ. ಇನ್ನೊಮ್ಮೆ ಹಚ್ಚ."

ಕೌಸರ್ ಹಚ್ಚಿದಳು. ಮತ್ತೊಮ್ಮೆ ಹಚ್ಚಿದಳು. ಮೂರನೆಯ ಸಲಕ್ಕೆ ಸೋಮವ್ವನೇ ಪರದೆಯ ಹತ್ತಿರಕ್ಕೆ ಸರಿದು ಕೂತು, "ಬ್ಯಾಸಗಿಗೆ ನಮ್ಮ ಮಗಳು ಉಮಾಶ್ರೀ ಮದುವಿ ಐತಿ. ಹಿಂಗ ನಿಧಾನ ಆಗಬೇಕ ನೋಡ ನಮಗೂ," ಎಂದಳು.

ಕೌಸರ್ ಬಾಯಿ ತೆರೆಯುವ ಮೊದಲೇ ನಿಜಾಮಸಾಬ, "ತಾರೀಖ ಎಷ್ಟರಿ?" ಎಂದ.